ದಕ್ಷಿಣದ ಬಾಗಿಲು

ವೆಸ್ಟ್‌ಮಂಟ್, ಇಲಿನಾಯ್
ಜನವರಿ 19, 2025

ಗುರುದೇವಿ ಅಕ್ಕಾ,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಕಾಗದ. ನಿನ್ನ ರಾಚೆಸ್ಟರ್ ಹಿಲ್ಸಿನ ವಿಳಾಸ ಅವ್ವನ ಮಾತ್ರೆ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿತ್ತು, ಕದ್ದು ಬರೆದುಕೊಂಡೆ. ಪತ್ರ ಬರೆದು ನನಗೆ ರೂಢಿಯಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ, ನನಗೆ ಇಲ್ಲದ ತಮ್ಮನಿಗೆ ಓದಿನ ಮಹತ್ವ ತಿಳಿಸಿ ಒಂದು ಬರೆದಿದ್ದೆ. ಐದಕ್ಕೆ ಮೂರು ಬಂದಿತ್ತು. ತಪ್ಪಿದ್ದರೆ ತಿದ್ದಿಕೊಂಡು ಓದು.

ಇಲ್ಲಿ ಇವತ್ತು ಮೂರು ಡಿಗ್ರಿ. ಅವ್ವ ಆರಾಮ ಇದ್ದಾಳೆ. ಮಲ್ಲಪ್ಪ ಮಾವನ ರೊಟ್ಟಿ ಕಾರ್ಖಾನೆ ಅರೋರಾದ ಆಚೆ ಅದೇ ಗೋದಾಮಿನಲ್ಲಿ ನಡೆದಿದೆ. ಹೆಂಗಸರು ಈಗಲೂ ಹನ್ನೊಂದು ಜನ. ನಿನ್ನ ಹಂಚಿನ ಮುಂದೆ ಬಸಯ್ಯ ಅಂಕಲ್ ಅವರ ತಾಯಿ ಕೂಡುತ್ತಾರೆ. ಮಾವ ಬೆಳಿಗ್ಗೆ ಎಂಟಕ್ಕೆ ತಾವೇ ವ್ಯಾನ್ ಓಡಿಸಿಕೊಂಡು ಹೋಗಿ ಒಬ್ಬೊಬ್ಬರನ್ನೂ ಮನೆ ಮುಂದಿನಿಂದ ಹತ್ತಿಸಿಕೊಂಡು ಬರುತ್ತಾರೆ, ಸಂಜೆ ಇಳಿಸಿ ಬರುತ್ತಾರೆ. ನಾನು ಪ್ಯಾಕೆಟ್‌ಗಳನ್ನು ಅಂಗಡಿಗಳಿಗೆ ಹಾಕುತ್ತೇನೆ. ಎಲ್ಲ ಮೊದಲಿನ ಹಾಗೇ.

ಹೊಸದು ಒಂದೇ. ಮುಂದಿನ ವರ್ಷ ಸಿಟಿಜನ್‌ಶಿಪ್ಪಿಗೆ ಅಪ್ಲೈ ಮಾಡಬಹುದಲ್ಲ, ಅದಕ್ಕೆ ಮಂಗಳವಾರ ಸಂಜೆ ಲೈಬ್ರರಿಯಲ್ಲಿ ನಡೆಯುವ ಉಚಿತ ಕ್ಲಾಸಿಗೆ ಹೋಗುತ್ತಿದ್ದೇನೆ. ನೋವಾಕ್ ಟೀಚರ್ ಅಂತ, ಎಪ್ಪತ್ತರ ಮೇಲಾಗಿದೆ. ಅವರ ಅಜ್ಜಿ ಪೋಲೆಂಡಿನಿಂದ ಬಂದು ಶಿಕಾಗೋದ ಮಾಂಸದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಂತೆ. ಸಿಟಿಜನ್‌ಶಿಪ್ ಪರೀಕ್ಷೆಯ ಪುಸ್ತಕದ ನೂರು ಪ್ರಶ್ನೆ ಅವರಿಗೆ ಸಾಲುವುದಿಲ್ಲ, ನೀವೇ ಒಂದು ಪ್ರಶ್ನೆ ತನ್ನಿ ಎನ್ನುತ್ತಾರೆ. ನಾನು ತಗೊಂಡು ಹೋದದ್ದು ಇದು. ಈ ದೇಶದಲ್ಲಿ ಶಾಲೆ, ಅಂಗಡಿ, ಆಸ್ಪತ್ರೆ ಎಲ್ಲೇ ಹೋಗು, ಬಾಗಿಲು ಹೊರಕ್ಕೇ ತೆರೆಯುತ್ತದೆ. ನಮ್ಮ ಊರಲ್ಲಿ ಒಳಕ್ಕೆ. ಇಲ್ಲಿ ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿ ಬೇರೆ, ಹೊಟ್ಟೆ ತಾಗಿದರೂ ತೆರೆದುಕೊಳ್ಳುತ್ತದೆ. ಯಾಕೆ?

ಟೀಚರ್ ನಕ್ಕು, ಮುಂದಿನ ವಾರ ಹೇಳುತ್ತೇನೆ, ಅಷ್ಟರೊಳಗೆ ನೀನೇ ಯೋಚಿಸು ಎಂದರು. ಯೋಚಿಸುತ್ತಿದ್ದೇನೆ. ನಿನಗೆ ಗೊತ್ತಿದ್ದರೆ ಬರೆ.

ನಿನ್ನ ತಮ್ಮ
ಈರೇಶ್


ವೆಸ್ಟ್‌ಮಂಟ್
ಫೆಬ್ರುವರಿ 9, 2025

ಅಕ್ಕಾ,

ನಿನ್ನ ಉತ್ತರ ಬರಲಿಲ್ಲ. ಬಾಗಿಲಿನ ಉತ್ತರ ಸಿಕ್ಕಿತು.

1903ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ರಜೆಯ ಒಂದು ಮಧ್ಯಾಹ್ನ, ಶಿಕಾಗೋದ ರ‍್ಯಾಂಡಾಲ್ಫ್ ರಸ್ತೆಯ ಹೊಸ ನಾಟಕ ಮಂದಿರಕ್ಕೆ ಬೆಂಕಿ ಬಿತ್ತಂತೆ. ಒಳಗೆ ತುಂಬಿದ್ದವರು ಹೆಚ್ಚಾಗಿ ತಾಯಂದಿರು ಮತ್ತು ಮಕ್ಕಳು. ಬೆಂಕಿಯೇ ತಾಗದ ಕಟ್ಟಡ ಎಂದು ಜಾಹೀರಾತು ಕೊಟ್ಟಿದ್ದರಂತೆ. ಬಾಗಿಲುಗಳು ಬೇಕಾದಷ್ಟಿದ್ದವು. ಆದರೆ ಕೆಲವಕ್ಕೆ ಬೀಗ, ಕೆಲವು ಪರದೆಯ ಹಿಂದೆ, ಕೆಲವು ಒಳಕ್ಕೆ ತೆರೆಯುವಂಥವು. ಹಿಂದಿನವರು ನೂಕುತ್ತಿದ್ದರೆ ಮುಂದಿನವರು ಒಳಕ್ಕೆ ಎಳೆಯುವುದು ಹೇಗೆ? ಆರುನೂರು ಜನ ಸತ್ತರು. ಆಮೇಲೆ ಕಾನೂನುಗಳು ಬಿಗಿಯಾದವು. ಅವತ್ತು ಅದೇ ನಾಟಕಕ್ಕೆ ಹೋಗಬೇಕಿದ್ದ ಹಾರ್ಡ್‌ವೇರ್ ವ್ಯಾಪಾರದವನೊಬ್ಬ ಏನೋ ಕೆಲಸ ಬಂದು ಉಳಿದುಕೊಂಡನಂತೆ. ಈ ಕಬ್ಬಿಣದ ಪಟ್ಟಿ ಬಂದದ್ದು ಅವನಿಂದ.

ನನಗೆ ಕೂಡಲಾಗಲಿಲ್ಲ. ನಿನ್ನೆ ರೈಲು ಹತ್ತಿ ಶಿಕಾಗೋಕ್ಕೆ ಹೋಗಿ ಆ ಜಾಗ ನೋಡಿ ಬಂದೆ. ಈಗ ಅಲ್ಲಿ ಬೇರೆ ನಾಟಕ ಮಂದಿರ ಇದೆ. ಹಿಂದಿನ ಓಣಿಯಲ್ಲಿ ನಿಂತು ಬಾಗಿಲು ಎಣಿಸುತ್ತಿದ್ದೆ. ಒಬ್ಬ ಸೆಕ್ಯುರಿಟಿಯವನು ಬಂದು ಏನು ಬೇಕು ಎಂದ. ಬಾಗಿಲು ನೋಡಲು ಬಂದಿದ್ದೇನೆ ಎಂದರೆ ನಂಬಲಿಲ್ಲ.

ಅಲ್ಲಿಂದ ಹಾಲ್‌ಸ್ಟೆಡ್ ರಸ್ತೆಗೆ ಹೋದೆ. ಅಲ್ಲಿ ಟೀಚರ್ ಹೇಳಿದ್ದ ಒಂದು ಹಳೆಯ ಇಟ್ಟಿಗೆ ಮನೆ ಇದೆ, ಈಗ ಮ್ಯೂಸಿಯಂ. ಆ ಕಾಲದಲ್ಲಿ ಓದಿದ ಶ್ರೀಮಂತ ಮನೆತನದ ಹೆಂಗಸರು ಬಂದು, ಇಟಲಿ, ಗ್ರೀಸ್, ರಷ್ಯಾದಿಂದ ಬಂದ ಬಡವರ ನಡುವೆ ಮನೆ ಮಾಡಿಕೊಂಡು ಇದ್ದರಂತೆ. ಒಬ್ಬಾಕೆ ಬೆಳಿಗ್ಗೆ ಆರಕ್ಕೆ ಕಸದ ಗಾಡಿಯ ಹಿಂದೆ ಓಡಾಡಿ, ಯಾವ ಓಣಿಯ ಕಸ ಎತ್ತಿಲ್ಲ ಎಂದು ಬರೆದುಕೊಳ್ಳುತ್ತಿದ್ದಳಂತೆ. ಕಾರ್ಖಾನೆಯ ಹೆಂಗಸರಿಗೆ ದಿನಕ್ಕೆ ಎಂಟೇ ಗಂಟೆ ಕೆಲಸ ಎಂದು ಕಾನೂನು ಮಾಡಿಸಿದರು, ಎರಡೇ ವರ್ಷಕ್ಕೆ ಕೋರ್ಟು ಅದನ್ನು ರದ್ದು ಮಾಡಿತು. ಮತ್ತೆ ಶುರು ಮಾಡಿದರು.

ಅಲ್ಲಿ ಗೋಡೆಯ ಮೇಲೆ ಎಲ್ಲ ಬರೆದಿದ್ದಾರೆ, ನನಗೆ ಬೇಕಾದ ಒಂದು ಬಿಟ್ಟು. ಆ ಓಣಿಯ ಒಳಗಿನವರೇ ಯಾರೋ ಮೊದಲು ಬಂದು, ನಮ್ಮ ಕಾರ್ಖಾನೆಯಲ್ಲಿ ಹೀಗೆ ನಡೆಯುತ್ತದೆ ಎಂದು ಇವರಿಗೆ ಹೇಳಿರಬೇಕಲ್ಲ? ಕಾರ್ಖಾನೆ ಅವರ ಚಿಕ್ಕಪ್ಪನದೋ ಊರಿನವರದೋ ಆಗಿರಬೇಕು. ಹೇಳಿದ ದಿನ ಅವರು ಎಲ್ಲಿ ಊಟ ಮಾಡಿದರು?

ಈಗ ಎಲ್ಲಿ ಹೋದರೂ ಮೊದಲು ಬಾಗಿಲು ನೋಡುವ ಚಟ ಹಿಡಿದಿದೆ. ನಮ್ಮ ಕಾರ್ಖಾನೆಯದನ್ನೂ ನೋಡಿದೆ.

ಈರೇಶ್


ರಾಚೆಸ್ಟರ್ ಹಿಲ್ಸ್, ಮಿಶಿಗನ್
ಫೆಬ್ರುವರಿ 22, 2025

ಈರೇಶಾ,

ಎರಡೂ ಕಾಗದ ಬಂದವು. ನೂರಿಪ್ಪತ್ತು ವರ್ಷದ ಹಿಂದಿನ ಬಾಗಿಲು ನೋಡಲು ರೈಲು ಹತ್ತಿ ಹೋದವನಿಗೆ ಹತ್ತು ಹೆಜ್ಜೆಯ ಬಾಗಿಲು ಕಾಣಲು ಇಷ್ಟು ದಿನ ಬೇಕಾಯಿತು.

ನೀನು ಬರೆಯದೆ ಬಿಟ್ಟಿದ್ದನ್ನು ನಾನು ಬರೆಯುತ್ತೇನೆ. ಹೋದ ವರ್ಷ ಇದೇ ತಿಂಗಳು ಕರ್ಚಿಕಾಯಿ ಕರಿಯುವ ಎಣ್ಣೆ ಹೊತ್ತಿಕೊಂಡಿತು. ಮುಂಬಾಗಿಲ ಕಡೆ ಪೂರಾ ಹೊಗೆ. ನಾನು ಹಿಂಬಾಗಿಲಿಗೆ ಓಡಿದೆ. ಅಲ್ಲಿ ರೊಟ್ಟಿ ಒಣಗಿಸುವ ರ‍್ಯಾಕ್ ಅಡ್ಡ ಇತ್ತು. ಎಳೆದೆ. ರ‍್ಯಾಕ್ ಮೈಮೇಲೆ ಬಂತು, ಎಡಗೈ ಮಣಿಕಟ್ಟು ಮುರಿಯಿತು. ಅಷ್ಟರೊಳಗೆ ಅವ್ವ ಒದ್ದೆ ಗೋಣಿ ಹಾಕಿ ಬೆಂಕಿ ಆರಿಸಿದ್ದಳು. ಎರಡು ನಿಮಿಷದ ಮಾತು.

ಆಸ್ಪತ್ರೆಯಲ್ಲಿ ನರ್ಸ್ ಕೇಳಿದಾಗ ಐಸ್ ಮೇಲೆ ಜಾರಿ ಬಿದ್ದಳು ಎಂದು ಹೇಳಿದವನು ನೀನು. ಮಾವ ಹೇಳಿಕೊಟ್ಟಿದ್ದರು, ನೀನು ಹೇಳಿದೆ, ನಾನು ಸುಮ್ಮನಿದ್ದೆ. ಅದನ್ನೂ ಬಿಡು. ಮರುವಾರ ನಾನು ಬಾಗಿಲು ಬಿಡಿಸಿರಿ ಎಂದು ಮಾವನನ್ನು ಕೇಳಿದಾಗ, ಎಲ್ಲ ಹೆಂಗಸರ ಮುಂದೆ ನೀನು ಅಂದದ್ದು ಇದು: "ಅಕ್ಕಗ ಸಣ್ಣದನ್ನ ದೊಡ್ಡದ ಮಾಡೂ ಚಟಾ ಐತ್ರಿ." ಎಲ್ಲರೂ ನಕ್ಕರು. ನಾನು ಮನೆ ಬಿಟ್ಟದ್ದು ಕೈ ಮುರಿದದ್ದಕ್ಕಲ್ಲ.

ಆ ರ‍್ಯಾಕ್ ಈಗಲೂ ಅಲ್ಲೇ ಇದೆಯೋ?

ಗುರುದೇವಿ


ವೆಸ್ಟ್‌ಮಂಟ್
ಮಾರ್ಚ್ 16, 2025

ಅಕ್ಕಾ,

ಇದೆ.

ಆ ರ‍್ಯಾಕನ್ನು ನಾವು ಬಂದ ಮೊದಲ ವರ್ಷ, ಅಲ್ಲಿದ್ದ ಹಿಟ್ಟಿನ ಚೀಲ ತೆಗೆದು ಅಲ್ಲಿಗೆ ನೂಕಿದವನೇ ನಾನು. ಮಾವ ಹೇಳಿದರು, ನೂಕಿದೆ, ಯಾಕೆ ಎಂದು ಕೇಳಲಿಲ್ಲ. ಎಲ್ಲದಕ್ಕೂ ಯಾಕೆ ಎನ್ನುವ ನಾನು ಅದನ್ನೊಂದು ಕೇಳಲಿಲ್ಲ. ಈಗ ಕೇಳಿದೆ.

ಹೋದ ಶನಿವಾರ ಹೆಂಗಸರು ಹೋದಮೇಲೆ, ರ‍್ಯಾಕ್ ಪೂರ್ವದ ಗೋಡೆಗೆ ಹಾಕೋಣವೇನ್ರಿ ಮಾವಾ ಎಂದೆ. ಅವರು ಕುರ್ಚಿ ಎಳೆದುಕೊಂಡು ಕುಳಿತರು. ಸಿಟ್ಟಾಗಲಿಲ್ಲ. ಅದು ದಕ್ಷಿಣದ ಬಾಗಿಲು, ಯಮನ ದಿಕ್ಕು, ಕಾರ್ಖಾನೆ ಶುರುವಾದಾಗ ಗಾಳಿಗೆಂದು ದಿನವೂ ತೆರೆದಿಡುತ್ತಿದ್ದೆವು ಎಂದರು. ಆ ವರ್ಷವೇ ಅತ್ತೆ ತೀರಿಕೊಂಡದ್ದು, ನಾವು ಬರುವ ಮೊದಲು. ವಾಸ್ತು ನೋಡುವ ಒಬ್ಬರು ಬಂದು, ಇದನ್ನು ಮುಚ್ಚಿ, ಮುಂದೆ ಭಾರ ಇಡಿ, ಮೇಲೆ ಬಸವಣ್ಣನವರ ಫೋಟೋ ಹಾಕಿ ಎಂದರಂತೆ.

"ಆವಾಗಿಂದ ಯಾರಿಗೂ ಏನೂ ಆಗಿಲ್ಲ, ಈರೇಶಾ," ಎಂದರು. "ಯಾಕ ಆಗಿಲ್ಲ? ಆ ಬಾಗಲಾ ಮುಚ್ಚೇತಿ, ಅದಕ."

ಅಕ್ಕನ ಕೈ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಅವರು ಕಣ್ಣು ಒರೆಸಿಕೊಂಡರು. ಅಮೆರಿಕದಲ್ಲಿ ಮೂವತ್ತು ವರ್ಷ ಕಾರಿನ ಬ್ರೇಕ್ ಡಿಸೈನ್ ಮಾಡಿದ ಎಂಜಿನಿಯರ್ ಅವರು. ಅವರ ಮುಂದೆ ಹತ್ತನೆಯ ತರಗತಿಯವನು ಏನು ವಾದ ಮಾಡಲಿ?

ಪ್ರತಿ ವರ್ಷದ ಫೈರ್ ತಪಾಸಣೆಗೆ ಹೇಗೆ ಪಾಸಾಗುತ್ತೇವೆ ನಿನಗೆ ಗೊತ್ತೇ ಇದೆ. ಒಂದು ವಾರ ಮೊದಲೇ ಕಾಗದ ಬರುತ್ತದೆ. ಅವತ್ತು ರ‍್ಯಾಕ್ ಜರುಗುತ್ತದೆ, ಬಸವಣ್ಣನವರು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂಡುತ್ತಾರೆ. ಅಧಿಕಾರಿಗಳು ಹೋದಮೇಲೆ ಎಲ್ಲ ವಾಪಸ್ಸು. ಆ ಕೆಲಸವೂ ನನ್ನದೇ.

ಅವ್ವನಿಗೆ ಹೇಳಿದೆ. ಅವಳು ಅಂದದ್ದು, ನನ್ನಣ್ಣ ನಮ್ಮನ್ನು ಅಮೆರಿಕಕ್ಕೆ ಕರೆಸಲು ಫೈಲ್ ಹಾಕಿದಾಗ ನೀ ಐದು ವರ್ಷದ ಕೂಸು, ಹದಿಮೂರು ವರ್ಷ ಅವನು ಮರೆಯಲಿಲ್ಲ. ಈಗಲೂ ಅವನ ಮನೆಯ ಬೇಸ್‌ಮೆಂಟಿನಲ್ಲಿ ಇದ್ದೇವೆ. ಇಷ್ಟು ಹೇಳಿ ಅಕ್ಕಿ ಆರಿಸುತ್ತಾ ಕುಳಿತಳು.

ಏನು ಮಾಡಬೇಕು ತಿಳಿಯದು. ಅವತ್ತು ಎಲ್ಲರ ಮುಂದೆ ಅಂದ ಮಾತಿನ ಬಗ್ಗೆ ಇಲ್ಲಿ ಬರೆಯಲು ಮೂರು ಸಲ ಕೂತೆ, ಮೂರು ಹಾಳೆ ಹರಿದೆ.

ಈರೇಶ್


ರಾಚೆಸ್ಟರ್ ಹಿಲ್ಸ್
ಏಪ್ರಿಲ್ 5, 2025

ತಮ್ಮಾ,

ಬಾಗಿಲು ಮುಚ್ಚಿದ್ದು ಅತ್ತೆ ಹೋದದ್ದಕ್ಕೆ ಎಂದು ನನಗೆ ಗೊತ್ತಿರಲಿಲ್ಲ. ಮಾವ ನನಗೆ ವಾಸ್ತು ಎಂದಷ್ಟೇ ಹೇಳಿದ್ದರು, ನಾನು ನಕ್ಕುಬಿಟ್ಟಿದ್ದೆ. ದಿಕ್ಕು, ಮುಹೂರ್ತ ನೋಡಬೇಡಿರಿ ಎಂದವರ ಫೋಟೋನೇ ವಾಸ್ತುವಿಗೆ ತೂಗುಹಾಕಿದ್ದೀರಲ್ಲ ಎಂದು ಚುಚ್ಚಿದ್ದೆ. ಈಗ ಹಾಗೆ ಅನ್ನುತ್ತಿರಲಿಲ್ಲ. ಆದರೆ ಬಾಗಿಲು ಬಿಡಿಸಿರಿ ಎಂದು ಮಾತ್ರ ಮತ್ತೆ ಅನ್ನುತ್ತಿದ್ದೆ.

ಇದಕ್ಕೆ ಒಂದು ನಂಬರ್ ಇದೆ. ಆ ಊರಿನ ಫೈರ್ ಇಲಾಖೆಯದು. ಹೆಸರು ಹೇಳಬೇಕಾಗಿಲ್ಲ. ಕಾಗದ ಕಳಿಸದೆ ಬರುತ್ತಾರೆ. ಅದು ನನ್ನ ಹತ್ತಿರ ಒಂದು ವರ್ಷದಿಂದ ಇದೆ. ಹಾಗಾದರೆ ನೀನೇ ಯಾಕೆ ಮಾಡಲಿಲ್ಲ ಎಂದು ಕೇಳುತ್ತೀ. ಮಾಡಲು ಹೋಗಿದ್ದೆ. ಅದಕ್ಕೂ ಮೊದಲು ಅವ್ವನಿಗೆ ಹೇಳಿದೆ. ಅವ್ವ ಎಂದಳು, "ವ್ಯಾನ್ ನಿಂತ್ರ ಈ ಹನ್ನೊಂದ ಮಂದಿ ಹೆಣಮಕ್ಕಳು ಮನ್ಯಾಗ ಕಿಟಕಿ ನೋಡಕೋತ ಕುಂಡ್ರತಾರ. ಸುಮ್ಮನಿರವಾ." ಅದೂ ಖರೆ. ಮಕ್ಕಳು ಆಫೀಸಿಗೆ, ಮೊಮ್ಮಕ್ಕಳು ಶಾಲೆಗೆ, ಇವರಿಗೆ ಡ್ರೈವಿಂಗ್ ಬಾರದು, ಬಡಾವಣೆಯಲ್ಲಿ ಮಾತಾಡಲು ಒಂದು ನಾಯಿಯೂ ಸಿಗುವುದಿಲ್ಲ. ಮಾವ ಅವರಿಗೆ ಕೊಟ್ಟದ್ದು ಬರೀ ಕೆಲಸವಲ್ಲ. ಅದಕ್ಕೆ ನಾನು ಸುಮ್ಮನಾದೆ. ಸುಮ್ಮನಾದೆ ಎಂದೇ ನನ್ನ ಮೇಲೆ ನನಗೆ ಸಿಟ್ಟು.

ಮೊದಲು ಹೇಳಿದವರು ಎಲ್ಲಿ ಊಟ ಮಾಡಿದರು ಎಂದು ಕೇಳಿದ್ದೀ. ಆ ಕಾಲದ್ದು ಗೊತ್ತಿಲ್ಲ, ನನ್ನದು ಹೇಳುತ್ತೇನೆ. ಪ್ರಭಾ ಡಾಕ್ಟರ್ ಮನೆಯಲ್ಲಿ ಅವರ ಅತ್ತೆಯನ್ನು ನೋಡಿಕೊಂಡು ಇದ್ದೇನೆ. ವಾರಕ್ಕೆ ಮೂರು ದಿನ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸ್. ಆ ಅಜ್ಜಿ ಬಾಗಲಕೋಟೆ ಕಡೆಯವರು. ಮೊದಲ ತಿಂಗಳು ನಾನು ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತಿದ್ದೆ. ಒಂದು ದಿನ ಅಜ್ಜಿ, "ನೀ ಕುಂಡ್ರಲಿಲ್ಲಂದ್ರ ನಾ ಉಣ್ಣೂದಿಲ್ಲ," ಎಂದು ತಟ್ಟೆ ಸರಿಸಿಬಿಟ್ಟರು. ಅಂದಿನಿಂದ ಟೇಬಲ್ಲಿನಲ್ಲಿ ಅವರ ಪಕ್ಕಕ್ಕೆ ಕೂಡುತ್ತೇನೆ.

ನಂಬರ್ ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಮಾಡು ಎನ್ನುವುದಿಲ್ಲ. ಒಳಗಿರುವವಳು ನಿನ್ನ ಅವ್ವ, ನನ್ನ ಅವ್ವ.

ಗುರುದೇವಿ


ವೆಸ್ಟ್‌ಮಂಟ್
ಮೇ 4, 2025

ಅಕ್ಕಾ,

ಮಾಡಿದೆ. ಏಪ್ರಿಲ್ ಇಪ್ಪತ್ತೊಂದಕ್ಕೆ, ನೇಪರ್‌ವಿಲ್ಲಿನ ಅಂಗಡಿಯ ಪಾರ್ಕಿಂಗಿನಲ್ಲಿ ಕುಳಿತು. ಮೂರು ದಿನಕ್ಕೆ ಬಂದರು. ಎತ್ತರದ ಹೆಂಗಸು, ಕೈಯಲ್ಲಿ ಟ್ಯಾಬ್ಲೆಟ್. ಮಾವ ನಗುತ್ತಾ ಒಳಗೆ ಕರೆದರು, ಒಂದು ಪ್ಲೇಟ್ ಚೂಡಾ ಇಟ್ಟರು. ಆಕೆ ಅದನ್ನು ಮುಟ್ಟದೆ ನೇರ ಹಿಂದಕ್ಕೆ ನಡೆದಳು. ಬಸವಣ್ಣನವರನ್ನು ನೋಡಿದಳು, ರ‍್ಯಾಕ್ ನೋಡಿದಳು, ಹನ್ನೊಂದು ಹಂಚು ಎಣಿಸಿದಳು.

ರ‍್ಯಾಕ್ ಇವತ್ತಷ್ಟೇ ಇಲ್ಲಿಟ್ಟದ್ದು, ನೆಲ ತೊಳೆಯುತ್ತಿದ್ದೆವು ಎಂದರು ಮಾವ. ಆಕೆ ಅವರನ್ನು ಬಿಟ್ಟು ಕೆಲಸದವರನ್ನು ಕೇಳುತ್ತೇನೆ ಎಂದಳು. ಎಲ್ಲರಿಗಿಂತ ಹತ್ತಿರ ಕುಳಿತವಳು ಅವ್ವ. ಇಂಗ್ಲಿಷ್ ಬರುವವರು ಯಾರು ಎಂದು ನೋಡಿ ಆ ಅಧಿಕಾರಿ ನನ್ನನ್ನು ಕರೆದಳು. ಈ ಬಾಗಿಲನ್ನು ನೀವು ಎಂದಾದರೂ ಉಪಯೋಗಿಸಿದ್ದೀರಾ ಎಂದು ಕೇಳು ಎಂದಳು. ಕೇಳಿದೆ.

ಅವ್ವ ಮಾವನ ಮುಖ ನೋಡಿದಳು. ಕೈಯ ಹಿಟ್ಟು ಬಿಡಿಸಿಕೊಳ್ಳುತ್ತಾ ಹೇಳಿದಳು, "ದಿನಾ ತಗೀತೀವಿ ಅಂತ ಹೇಳಪಾ. ಕಸಾ ಅದ ಬಾಗಲಲೇ ಒಯ್ತೀವಿ ಅಂತ ಹೇಳು."

ನಾನು ಆಕೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ: ಎಂದೂ ತೆರೆದಿಲ್ಲ ಎನ್ನುತ್ತಿದ್ದಾರೆ.

ಅವ್ವನಿಗೆ ಅಷ್ಟು ಇಂಗ್ಲಿಷ್ ಬರುತ್ತದೆ, ಅಕ್ಕಾ. ನೆವರ್ ಎಂಬುದು ಅವಳಿಗೆ ತಿಳಿಯುತ್ತದೆ. ನನ್ನ ಮುಖ ನೋಡಲಿಲ್ಲ. ಮುಂದಿನ ಉಂಡೆ ತೆಗೆದುಕೊಂಡು ರೊಟ್ಟಿ ಬಡಿಯತೊಡಗಿದಳು. ಮಾವನಿಗೂ ತಿಳಿದಿರಬೇಕಲ್ಲ ಎನ್ನುತ್ತೀ. ಅವರು ಅಷ್ಟರಲ್ಲಿ ರ‍್ಯಾಕಿನಿಂದ ಒಂದೊಂದೇ ರೊಟ್ಟಿ ಇಳಿಸುವುದರಲ್ಲಿದ್ದರು. ಎರಡು ಕೆಳಗೆ ಬಿದ್ದು ಒಡೆದವು.

ಬಾಗಿಲು ಸರಿ ಮಾಡಿ, ಪಟ್ಟಿ ಹಾಕಿಸಿ, ಮತ್ತೆ ಅವರು ಬಂದು ನೋಡುವವರೆಗೆ ಕಾರ್ಖಾನೆ ಬಂದ್. ವ್ಯಾನ್ ಮನೆ ಮುಂದೆ ನಿಂತಿದೆ. ಬಸಯ್ಯ ಅಂಕಲ್ ಅವರ ತಾಯಿ ದಿನಕ್ಕೆ ಎರಡು ಸಲ ಫೋನ್ ಮಾಡಿ, ಯಾವಾಗ ಬರೂದು ಎಂದು ಅವ್ವನನ್ನು ಕೇಳುತ್ತಾರೆ. ಅವ್ವ ನನಗೆ ಊಟಕ್ಕೆ ಬಡಿಸುತ್ತಾಳೆ, ಮಾತಾಡುವುದಿಲ್ಲ. ಹತ್ತು ದಿನವಾಯಿತು. ಆಡಿದ್ದು ಒಂದೇ: "ನಾ ಅಂದದ್ದನ್ನ ನೀ ಅನಲಿಲ್ಲ."

ಹೆತ್ತವ್ವನ ಮಾತನ್ನು ಬದಲಿಸಿ ಹೇಳಿದೆ. ಖರೇ ಹೇಳಿದೆನೋ, ಸುಳ್ಳು ಹೇಳಿದೆನೋ? ಟೀಚರಿಗೆ ಕೇಳಿದರೆ ಗೊತ್ತಿಲ್ಲ ಎಂದರು. ಅವರು ಹಾಗೆ ಅಂದದ್ದು ಅದೇ ಮೊದಲು.

ಇನ್ನೊಂದು. ಬರೆಯಬಾರದು ಅಂದುಕೊಂಡಿದ್ದೆ. ಫೋನ್ ಮಾಡಿದವಳು ನೀನೇ ಎಂದು ಮಾವ ತಿಳಿದಿದ್ದಾರೆ. ಮೊನ್ನೆ ಬಾಲಾಜಿ ಗುಡಿಯಲ್ಲಿ ನಾಲ್ಕು ಜನರ ಮುಂದೆ ಹಾಗೇ ಅಂದರು. ನಾನು ಅಲ್ಲೇ ಚಪ್ಪಲಿ ಹುಡುಕುತ್ತಿದ್ದೆ. ಕೇಳಿಸಿತು. ಸುಮ್ಮನಿದ್ದೆ.

ಈರೇಶ್


ರಾಚೆಸ್ಟರ್ ಹಿಲ್ಸ್
ಮೇ 15, 2025

ತಮ್ಮಾ,

ಮಾವ ಹಾಗೆ ತಿಳಿಯುತ್ತಾರೆಂದು ನನಗೆ ಗೊತ್ತಿತ್ತು. ತಿಳಿದುಕೊಳ್ಳಲಿ. ನಾನು ಹೇಗೂ ಮನೆ ಬಿಟ್ಟವಳು, ನನಗೆ ಇನ್ನು ಹೋಗುವುದೇನಿದೆ? ನೀವಿಬ್ಬರು ಅವರ ಮನೆಯಲ್ಲಿ ಇರಬೇಕು. ಅವ್ವನಿಗೆ ಈ ವಯಸ್ಸಿನಲ್ಲಿ ಇನ್ನೊಂದು ಬೇಸ್‌ಮೆಂಟ್ ಹುಡುಕಬೇಡ. ನನ್ನ ಹೆಸರಿನ ಮೇಲೆ ಇರಲಿ.

ನಿಜ ಹೇಳಲಾ? ಮೊದಲು ಕೆಟ್ಟದೆನಿಸಿತು. ಆಮೇಲೆ ಹೆಮ್ಮೆಯೂ ಎನಿಸಿತು, ಮಾಡದ ಕೆಲಸಕ್ಕೆ. ನಾನು ಮಾಡಬೇಕಿತ್ತು ಅಂದುಕೊಂಡದ್ದು ಅದೇ ಅಲ್ಲವೇ.

ಅವ್ವನ ಮಾತಿನ ಬಗ್ಗೆ ನಾನೇನು ಹೇಳಲಿ. ಅವಳು ಮನಸ್ಸಿನಲ್ಲಿ ಏನಂದಳೋ ಅವಳಿಗೆ ಗೊತ್ತು. ಮಾತಾಡುವವರೆಗೂ ಕಾಯು.

ಬಾಗಿಲು ಯಾವಾಗ ತೆರೆಯುತ್ತದೆ ಎಂದಷ್ಟು ಬರೆ.

ನಿನ್ನ ಅಕ್ಕ


ವೆಸ್ಟ್‌ಮಂಟ್
ಜೂನ್ 8, 2025

ಅಕ್ಕಾ,

ಸೋಮವಾರ ತೆರೆಯಿತು. ಪಟ್ಟಿ ಹಾಕಿದ್ದಾರೆ, ಮೇಲೆ ಕೆಂಪು ದೀಪ. ರ‍್ಯಾಕ್ ಪೂರ್ವಕ್ಕೆ ಹೋಯಿತು. ಬಸಯ್ಯ ಅಂಕಲ್ ಅವರ ತಾಯಿ ಪಟ್ಟಿಯನ್ನು ಸೊಂಟದಿಂದ ನೂಕಿ ನೋಡಿದರು, ತೆರೆಯಿತು, ಮತ್ತೆ ಒಳಗೆ ಬಂದು ಮತ್ತೆ ನೂಕಿದರು. ಹೊರಗೆ ಹುಲ್ಲಿನಲ್ಲಿ ಬಾತುಕೋಳಿಗಳಿವೆ, ನಮಗೆ ಯಾರಿಗೂ ಗೊತ್ತೇ ಇರಲಿಲ್ಲ.

ಪೂಜೆ ಆದಮೇಲೆ ಮಾವ ಎಲ್ಲರಿಗೂ ಪೇಡೆ ಹಂಚಿದರು. ಹಂಚುತ್ತಾ ಶುರು ಮಾಡಿದರು: ಸ್ವಂತ ಮಗಳ ಹಾಗೆ ನಾನು ನೋಡಿಕೊಂಡವಳು, ಮಿಶಿಗನ್ನಿನಲ್ಲಿ ಕುಳಿತು ಹನ್ನೊಂದು ಮನೆಯ ಹೆಂಗಸರನ್ನು ಆರು ವಾರ ಮನೆಯಲ್ಲಿ ಕೂಡಿಸಿದಳು. ಎಲ್ಲರೂ ತಲೆ ಆಡಿಸಿದರು. ಹೋದ ವರ್ಷ ನಕ್ಕವರು ಅವರೇ, ಕೂತ ಜಾಗವೂ ಅದೇ.

ನಿನ್ನ ಕಾಗದ ನನ್ನ ಜೇಬಿನಲ್ಲಿತ್ತು. ನಿನ್ನ ಹೆಸರಿನ ಮೇಲೆ ಇರಲಿ ಎಂದು ನೀನು ಬರೆದಿದ್ದೆ. ಆಗಲಿಲ್ಲ, ಅಕ್ಕಾ.

"ಮಾವಾ, ಅಕ್ಕ ಅಲ್ರಿ. ಫೋನ್ ಮಾಡಿದಾಂವ ನಾನು," ಎಂದೆ.

ಪೇಡೆಯ ಡಬ್ಬಿ ಅವರ ಕೈಯಲ್ಲೇ ನಿಂತಿತು. ತಮಾಷೆ ಎಂದುಕೊಂಡರೇನೋ, ಸ್ವಲ್ಪ ನಕ್ಕರು ಕೂಡ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದರು, "ನನ್ನ ಮನ್ಯಾಗಿದ್ದು, ನನಗೊಂದ ಮಾತ ಹೇಳಬಾರದಾಗಿತ್ತೇನು?"

"ಹೇಳಿದ್ನಿರಿ, ಮಾರ್ಚ್‌ನಾಗ. ಅಕ್ಕ ನನಕಿಂತ ಮದ್ಲ ಹೇಳಿದ್ಲು. ಆಕೀ ಮಾತ ಸುಳ್ಳ ಮಾಡಿದಾಂವ ನಾನು."

ಅವ್ವ ಎದ್ದಳು. ಇನ್ನು ನನಗೆ ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಮಾವನ ಮುಂದೆ ಹೋಗಿ ನಿಂತಳು. ಹುಟ್ಟಿದಾಗಿನಿಂದ ಅಣ್ಣನ ಎದುರು ದನಿ ಎತ್ತಿದವಳಲ್ಲ, ಈಗಲೂ ಎತ್ತಲಿಲ್ಲ.

"ಅಣ್ಣಾ, ಅವತ್ತ ಸುಳ್ಳ ಹೇಳಿದಾಕಿ ನಾನು. ಮಗಳ ಕೈ ಮುರದಾಗೂ ಬಾಯಿ ಮುಚ್ಚಿಕೊಂಡ ಕುಂತ್ನಿ. ವೈನಿ ಹೋಗಿದ್ದು ಕ್ಯಾನ್ಸರಲೇ, ಬಾಗಲಲೇ ಅಲ್ಲ. ಅದು ನಿನಗೂ ಗೊತ್ತು."

ಮಾವ ಡಬ್ಬಿ ಕೆಳಗಿಟ್ಟು ಮುಂಬಾಗಿಲಿನಿಂದ ಹೊರಗೆ ಹೋದರು. ಸಂಜೆಯವರೆಗೆ ವ್ಯಾನಿನಲ್ಲೇ ಕುಳಿತಿದ್ದರು. ಐದಕ್ಕೆ ಎಲ್ಲರನ್ನೂ ಹತ್ತಿಸಿಕೊಂಡು ಒಬ್ಬೊಬ್ಬರನ್ನೇ ಮನೆಗೆ ಬಿಟ್ಟರು. ಮನೆ ಬಿಡಿ ಎಂದೂ ಅನ್ನಲಿಲ್ಲ, ಇರಿ ಎಂದೂ ಅನ್ನಲಿಲ್ಲ. ನಾಲ್ಕು ದಿನ ಹೀಗೇ. ಶುಕ್ರವಾರ ಬೆಳಿಗ್ಗೆ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ನಿಂತು, ಒಳಗೆ ಬಾರದೆ, ಬರುವ ಶನಿವಾರ ಕಾರ್ಖಾನೆ ರಜೆ, ನಿಮ್ಮವ್ವನನ್ನು ಅವಳ ಹತ್ತಿರ ಕರೆದುಕೊಂಡು ಹೋಗಿ ಬಾ, ನಾನು ಬರುವುದಿಲ್ಲ ಎಂದರು. ಹಾಗೇ ತಿರುಗಿ ಮೇಲಕ್ಕೆ ಹೋದರು. ಮುಂದೆ ನಾವು ಎಲ್ಲಿರುತ್ತೇವೋ ನನಗೂ ತಿಳಿಯದು.

ಹದಿನಾಲ್ಕಕ್ಕೆ ಬರುತ್ತೇವೆ. ಮುನ್ನೂರು ಮೈಲಿ, ನಡುವೆ ಎರಡು ಸಲ ನಿಂತರೂ ಒಂದು ಗಂಟೆ ಮುಂದಿರುವ ನಿಮ್ಮ ಗಡಿಯಾರದ ಮೂರಕ್ಕೆ ತಲುಪುತ್ತೇವೆ. ಅವ್ವ ನಿನಗೆ ತಪ್ಪಾಯಿತು ಎನ್ನುತ್ತಾಳೆ ಎಂದು ಕಾಯಬೇಡ. ಸೊರಗೀದಿ ಎನ್ನುತ್ತಾಳೆ, ಅಷ್ಟೆ. ತಪ್ಪಾಯಿತು ಎನ್ನಬೇಕಾದವನು ನಾನು. ಕಾಗದದಲ್ಲಿ ಬರೆದರೆ ನೀನೊಬ್ಬಳೇ ಓದುತ್ತೀ. ನಾನು ನಿನ್ನನ್ನು ಅಂದದ್ದು ಎಲ್ಲರ ಮುಂದೆ. ಪ್ರಭಾ ಡಾಕ್ಟರ್ ಮನೆಯವರು, ಆ ಅಜ್ಜಿ, ಎಲ್ಲರೂ ಅವತ್ತು ಮನೆಯಲ್ಲೇ ಇರಲಿ ಎಂದು ಹೇಳು.

ನಿನ್ನ ತಮ್ಮ
ಈರೇಶ್